ಮುಳ್ಳು

ಕರ್ತನೇ,
ಗುರುವಾರದ ಪ್ರಾರ್ಥನೆಗೆ ಬಂದವರು ನಾವು ಏಳು ಹೆಂಗಸರು,
ತಗಡಿನ ಸೂರು, ಒಂದೇ ಲಾಟೀನು.
ಎಂಟನೆಯವಳು ಅಬೊಜೆವಾ. ಹೊಸ್ತಿಲಾಚೆ ಕೂತಿದ್ದಾಳೆ,
ಒಳಗೆ ಬರಲೊಲ್ಲಳು. ನಿನ್ನ ಮೇಲೆ ಮುನಿಸು.
ಅವಳ ಪರವಾಗಿ ನಾನು ಮಾತಾಡುತ್ತೇನೆ,
ತಪ್ಪಿದರೆ ಅಲ್ಲಿಂದಲೇ ತಿದ್ದಲಿ.

ನಿನಗೆ ಗೊತ್ತಿಲ್ಲದ್ದಲ್ಲ, ಆದರೂ ಹೇಳಬೇಕು:
ಕೋಕೋ ಕಾಯಿ ಒಡೆದು, ಅಂಟು ಬೀಜ ಬಿಡಿಸಿ,
ಬಾಳೆಲೆಯ ಕೆಳಗೆ ಆರು ದಿನ ಹುದುಗಿಸಿ,
ಹರ್ಮಟಾನ್ ಗಾಳಿಯ ಧೂಳಿನಲ್ಲಿ ಚಾಪೆ ಹಾಸಿ
ಕೈಯಾಡಿಸಿ ಕೈಯಾಡಿಸಿ ಒಣಗಿಸಿದವಳು ಇವಳು.
ಮೂಸಿ ನೋಡಿದರೆ ಇವಳ ಬೆರಳಿಗೆ ಈಗಲೂ ಹುಳಿವಾಸನೆ.
ಎಷ್ಟು ಬೋಗುಣಿಗೆ ಒಂದು ಚೀಲ ಎಂದು
ಅವಳಮ್ಮನ ಕಾಲದಿಂದ ಲೆಕ್ಕವುಂಟು.
ಖರೀದಿ ಗುಮಾಸ್ತ ಬೋಟ್ವೆ ಮಾತ್ರ ಪ್ರತಿಸಲ
"ಕಮ್ಮಿ ಇದೆ, ಇನ್ನೂ ಸುರಿ" ಅನ್ನುತ್ತಾನೆ.
ಸುರಿದಳು. ಮೂರು ವರ್ಷ ಸುರಿದಳು.
ಸೆರ್ವಾಳ ಶಾಲೆಯ ಬೂಟು ಆ ಬೋಗುಣಿಯಲ್ಲಿ ಹೋಯಿತು,
ಗಂಡನ ಕಣ್ಣಿನ ಆಪರೇಶನ್ನೂ ಹೋಯಿತು.

ಮೊನ್ನೆ ಸೋಮವಾರ ಇವಳೇನು ಮಾಡಿದಳು ನೋಡಿದೆಯಲ್ಲ.
ಕೂಸನ್ನು ತೂಗಿಸಲು ಆಸ್ಪತ್ರೆಗೆ ಹೋದಾಗ
ನರ್ಸಮ್ಮ ತಾಯಿಯನ್ನೂ ತೂಗಿದ್ದಳು: ಐವತ್ತೊಂಬತ್ತು.
ಅಲ್ಲಿಂದ ನೆಟ್ಟಗೆ ಬೋಟ್ವೆಯ ಶೆಡ್ಡಿಗೆ ನಡೆದು,
ಚಪ್ಪಲಿ ಬಿಟ್ಟು, ಚೀಲ ಇಡುವಲ್ಲಿ ತಾನೇ ಹತ್ತಿ ನಿಂತಳು.
ಮುಳ್ಳು ತೂಗಾಡಿತು. ನಿಂತಿತು.
"ಅಣ್ಣಾ, ಆಸ್ಪತ್ರೆಯಿಂದ ಇಲ್ಲಿಗೆ ಬರುವಷ್ಟರಲ್ಲಿ
ನನ್ನ ಆರು ಕಿಲೋ ಎಲ್ಲಿ ಉದುರಿತು?"
ಸಾಲಿನಲ್ಲಿ ಯಾರೋ ನಕ್ಕರು. ಆಮೇಲೆ ಯಾರೂ ನಗಲಿಲ್ಲ.
ಮುದುಕ ಅಂಪೋಂಸಾ ಕೋಲು ಪಕ್ಕಕ್ಕಿಟ್ಟು, ಹತ್ತಿ ನಿಂತ.
ಅವನ ಹಿಂದೆ ಇನ್ನೊಬ್ಬ.

ಬೋಟ್ವೆ ಶೆಡ್ಡಿಗೆ ಬೀಗ ಹಾಕಿದ. ತಕ್ಕಡಿ ರಿಪೇರಿಯಂತೆ.
ಅಷ್ಟೆ, ಕರ್ತನೇ. ಆಕಾಶವೇನೂ ತೆರೆಯಲಿಲ್ಲ.
ಚೀಲಗಳು ಮರಳಿ ತಲೆಯೇರಿ ಮನೆಗೆ ಬಂದವು,
ಎಲ್ಲರೂ ಈಗ ಇವಳನ್ನೇ ಬೈಯುತ್ತಾರೆ:
ಬರುತ್ತಿದ್ದಷ್ಟೂ ಬರದಂತೆ ಮಾಡಿದೆಯಲ್ಲೇ ಎಂದು.

ಅದಕ್ಕೇ ಕೇಳುತ್ತೇನೆ, ಸಿಟ್ಟಾಗಬೇಡ:
ನೀನು ಬಡಗಿ. ಬಾಗಿಲು ಮಾಡಿಸಿಕೊಂಡು
ನಾಳೆ ಬಾ, ನಾಡಿದ್ದು ಬಾ ಎಂದವರು ನಿನಗೂ ಇದ್ದರೇ?
ಉಳಿ ಹಿಡಿದು ಒರಟಾದ ಅಂಗೈಯನ್ನು ಬರಿದೇ ಮಡಚಿ
ಸಂಜೆ ನಿನ್ನಮ್ಮನ ಒಲೆಯ ಮುಂದೆ ಸುಮ್ಮನೆ ಕೂತಿದ್ದೆಯಾ?
ಹೌದಾದರೆ ಇವಳಿಗೆ ಬೇರೆ ವಿವರಣೆ ಬೇಡ,
ಹೊಸ್ತಿಲಿಗೆ ಬಂದು ಪಕ್ಕದಲ್ಲಿ ಕೂರು, ಸಾಕು.
ಮುಳ್ಳು ಅಂದರೆ ಏನೆಂದು ನಿನಗೆ ಹೇಳಿಕೊಡಬೇಕೆ?
ಅದು ನಿನ್ನ ಹಣೆಯಲ್ಲಿತ್ತು,
ಇವಳಿಗೆ ತಕ್ಕಡಿಯಲ್ಲಿದೆ.

ಅಬೊಜೆವಾ, ಕೇಳು ಮಗಳೇ, ಇದು ನಿನಗೆ:
ಬೆಳಗಾದರೆ ಜಿಲ್ಲಾ ಕಚೇರಿಗೆ ಹೋಗೋಣ,
ಬಸ್ಸಿನ ದುಡ್ಡು ಸಂಘದ ಡಬ್ಬಿಯಲ್ಲಿದೆ.
ಆಸ್ಪತ್ರೆಯ ಚೀಟಿ ಮರೆಯಬೇಡ.
ಮೊದಲ ದಿನ ಅವರು ಕುರ್ಚಿ ಕೊಡುವುದಿಲ್ಲ,
ಎಂಟನೆಯ ದಿನ ನಮ್ಮ ಮುಖ ನೋಡಿ ನೋಡಿ ಅವರಿಗೇ ಬೇಸರವಾಗುತ್ತದೆ.
ನ್ಯಾಯ ಕೆಲವು ಸಲ ಹಾಗೇ ಬರುತ್ತದೆ, ಬೇಸತ್ತು.
ಬಂದರೆ ಸಾಕು.

ಬೋಟ್ವೆಗಾಗಿಯೂ ಬೇಡುತ್ತೇನೆ, ಕರ್ತನೇ,
ನಾಲಿಗೆ ಒಪ್ಪದಿದ್ದರೂ.
ಅವನನ್ನು ತೂಗುವ ದೊಡ್ಡ ತಕ್ಕಡಿ ಊರಾಚೆ ಎಲ್ಲೋ ಇದೆ,
ಅದರ ಮುಳ್ಳೂ ಸುಳ್ಳೇ ಇರಬಹುದು.
ಅವನ ಮಕ್ಕಳ ಹೊಟ್ಟೆ ತಣ್ಣಗಿರಲಿ,
ಅವನ ರಾತ್ರಿ ಮಾತ್ರ ತಣ್ಣಗಿರದಿರಲಿ.
ಇವಳ ಆರು ಕಿಲೋ ಇವಳಿಗೆ...

"ಆರಲ್ಲ ಅಕ್ಕಾ," ಕತ್ತಲಿನಿಂದ ದನಿ ಬಂತು.
"ಐದೂವರೆ.
ದೇವರ ಮುಂದೆ ಸರಿಯಾಗಿ ಹೇಳು."

ಲಾಟೀನು ಎತ್ತಿ ಹಿಡಿದೆವು.
ಹೊಸ್ತಿಲ ಈಚೆಗೆ ಒಂದು ಕಾಲು ಬಂದಿತ್ತು.

ಐದೂವರೆ, ಕರ್ತನೇ.
ಆಮೆನ್.