ಕರಗುವ ಲೋಡಿಗೆ ಎಷ್ಟು ಗಾಳಿ

ಮಾಪ್ಸಾದಾಚೆ ಕರಾಸವಾಡದ ತಿರುವಿನಾಗ
ಕಾಯ್ತಾನನ ಅಂಗಡಿ. ಮುಂದ ಟೈರಿನ ಗುಡ್ಡ,
ಗುಡ್ಡದ ನೆತ್ತಿಮ್ಯಾಲ ಒಂದು ಕರೀ ಬೆಕ್ಕು.
ಯಾವುದು ಟೈರು, ಯಾವುದು ಬೆಕ್ಕು,
ಅದು ಕಣ್ಣು ಬಿಟ್ಟಾಗಷ್ಟ ತಿಳೀತೈತಿ.

ಸೈಜು ಯಾವುದಂತ ಅವ ಕೇಳಲಿಲ್ಲ.
ಹತ್ತೊಂಬತ್ತು ವರ್ಷದ ಪಿಕಪ್ಪು,
ಏಳು-ಹದಿನೈದು ಬಿಟ್ಟು ಬ್ಯಾರೆ ಏನು ಹಾಕೀತು?
ಕುಕ್ಕರಗಾಲಿಲೆ ಕುಂತು ಮುಂದಿನ ಗಾಲಿಗೆ ಅಂಗೈ ಇಟ್ಟ
ಕೂಸಿನ ಜ್ವರ ನೋಡೂ ಹಂಗ.
ಒಂದು ರೂಪಾಯಿ ನಾಣ್ಯ ಗೀರಿನಾಗ ನಿಲ್ಲಿಸಿದ. ನಿಲ್ಲಲಿಲ್ಲ.
'ಬಾಯಿ, ಇದಕ್ಕ ಟೈರು ಅನ್ನಬ್ಯಾಡ್ರಿ, ಬೋಳುತಲಿ ಅನ್ನರಿ.'

ಆಮ್ಯಾಲ ಶುರುವಾತು ಅವನ ಭವಿಷ್ಯ, ಅಲ್ಲ, ಭೂತ:
'ಫೆರಿ ಇಳಿಯೂಮುಂದ ತಡಾ ಮಾಡಿ ಬ್ರೇಕು ಒತ್ತತೀರಿ.'
ಖರೇ.
'ಗಾಳಿ ತಿಂಗಳಿಗೊಮ್ಮೆ ನೋಡೂದಿಲ್ಲ.'
ಖರೇ.
'ಬಲಗಡೆ ಹೊರ ಅಂಚು ಇಷ್ಟ್ಯಾಕ ಸವದೈತಿ?'

ನನಗ ತಟ್ಟನ ನೆನಪಾದದ್ದು ಲಗಮಣ್ಣ.
ಎಂಟು ವರ್ಷ ಎಡಗಡೆ ಸೀಟಿನಾಗ ಕುಂತಾಂವ,
ಹೋದ ದೀಪಾವಳಿಗೆ ಕಲಂಗೂಟದ ನೀರಿನ ಟ್ಯಾಂಕರಿಗೆ ಹೋದ,
ಹೋಗೂಮುಂದ ನನ್ನ ಬರ್ಫ ಎಳಿಯೂ ಕೊಕ್ಕಿನೂ ಒಯ್ದ.
ಅವತ್ತಿನಿಂದ ನಾ ಒಬ್ಬಾಕಿ ಬಲಕ್ಕ,
ಎಡಕ್ಕ ಒಂದು ನೀರಿನ ಬಾಟ್ಲಿ.
ಅದಕ್ಕಿರಬೇಕು, ಅಂದೆ.
ಕಾಯ್ತಾನ ನಕ್ಕು ಮಣ್ಣಾಗ ಕೈ ಊರಿದ:
'ಅರವತ್ತು ಕಿಲೋ ಮನುಷ್ಯಾ ಬಿಟ್ಟುಹೋದ್ರ
ಟೈರು ಸವಿಯೂದಿಲ್ಲ ಬಾಯಿ.
ನಿಮ್ಮ ಟೈ ರಾಡು ಸಡಲ ಆಗೈತಿ.'

ಇಷ್ಟು ದಿನ ನಾ ಬೈದದ್ದು ಒಂದು ಕಬ್ಬಿಣದ ಬದಲು ಅವನನ್ನ.

ಮೂರು ತಂದಿಟ್ಟ. ಒಂದು ರೀಸೋಲು, ಅಗ್ಗ,
ಸತ್ತವರ ಚಪ್ಪಲಿ ಮೆಟ್ಟಿದ ಹಂಗ.
ಒಂದಕ್ಕ ಮೊಸಳಿ ಬೆನ್ನಿನಂಥ ಹಲ್ಲು,
ಗಣಿ ಲಾರಿಯವರು ಒಯ್ಯತಾರಂತ, ಡಾಂಬರಿನ ಮ್ಯಾಲ ಹಾಡತೈತಂತ.
ಮೂರನೇದು 'ಎಲ್ಲಾ ಕಾಲಕ್ಕೂ ನಡಿಯೂದು'.

ಯಾರ ಕಾಲ? ಅಂದೆ.
ನನಗ ಎಂಟು ತಿಂಗಳು ಮಾಲಿಮ್ ಜೆಟ್ಟಿಗೆ ಬರ್ಫ,
ಬಂದಿಯ ಎರಡು ತಿಂಗಳು ದೋಣಿ ನೀಲಿ ತಾಡಪತ್ರಿ ಹೊದ್ದು ಮಲಗಿದಾಗ
ಡಿಚೋಲಿಯಿಂದ ಹಸೀ ಮಣ್ಣು,
ಚೌತಿ ಹತ್ತಿರ ಬಂದಾಗ ಸೊಂಡಿ ಒಣಗದ ಗಣಪ್ಪಗಳು,
ನಾಕನೇ ಗೇರಿಗೆ ಹೋದ್ರ ಬೈಗುಳ.
ನಡುವ ಚೋಡಣದ ಫೆರಿ: ಭರತ ಇಳಿದಾಗ ಇಳಿಜಾರಿನ ತುಂಬ ಹಸರು ಪಾಚಿ,
ದಿನಕ್ಕ ಎರಡು ಸಲ ಹೊಸಾ ಮಳಿಗಾಲ.
ಇಷ್ಟೂ ಗೊತ್ತೈತೇನು ಇದಕ್ಕ?

'ಗೊತ್ತಿಲ್ಲ,' ಅಂದ. 'ಕಲೀತೈತಿ.'

ಅದರ ಪಕ್ಕೆ ಒರೆಸಿ ನಾಕು ಅಂಕಿ ಓದಿದೆ.
ಮೂವತ್ತೊಂದನೇ ವಾರ, ಐದು ವರ್ಷದ ಹಿಂದಿಂದು.
ಆ ವಾರ ನಾ ಎರಡು ಬಿಲ್ವಾರ ಮಾರಿ ಇಂಜಿನ್ ಬಿಚ್ಚಿಸಿದ್ದೆ.
ಇದು ಇಲ್ಲೇ ನೆರಳಾಗ ಕುಂತಿತ್ತು, ಬೆಕ್ಕಿನ ಕೆಳಗ.
ನಿಂತರೂ ಸವೀತೈತೇನು?
'ಸವಿಯೂದಿಲ್ಲ. ಒಣಗತೈತಿ.'
ಒಳಗಿಂದ ಹೊಸಾದು ತಾ, ಅಂದೆ. ಮುಖ ಸಣ್ಣದು ಮಾಡಿ ತಂದ.

ರೊಕ್ಕ ಎರಡಕ್ಕಷ್ಟ ಇತ್ತು.
ಮುಂದ ಹಾಕ್ರಿ ಅಂತ ಅವ, ಹಿಂದ ಹಾಕು ಅಂತ ನಾ.
ಅರ್ಧಾ ತಾಸು.
ಏರೂದು ಹಿಂದಿನ ಗಾಲಿ, ಜಾರೂದು ಹಿಂದಿನ ಗಾಲಿ,
ನಾ ಗಾಡಿ ಹೊಡಿಯಾಕಿ, ಅಂದೆ.
ರಾಡು ಮಾತ್ರ ಅವನ ಮಾತಿನಂಗ ಇವತ್ತ ಬಿಗಿಸಿದೆ.

ಕಡೀಕ ಪೈಪು ಹಿಡಿದು ಕೇಳಿದ: 'ಲೋಡು ಎಷ್ಟು?'
ಹೊಂಡೂಮುಂದ ಒಂದು ಟನ್ನು.
'ಮುಟ್ಟೂಮುಂದ?'
ಅದು ಬಿಸಲಿಗೆ ಕೇಳಬೇಕು.
ಸುಮ್ಮನಾದ. ಮುಳ್ಳು ಐವತ್ತಕ್ಕ ಬಂತು, ಸ್ವಲ್ಪ ಬಿಟ್ಟ, ಮತ್ತ ತುಂಬಿದ.

ಮರುದಿನ ಚೋಡಣದಾಗ ಗಾಡಿ ಒಂದ ಉಸಿರಿಗೆ ಏರಿತು.
ಹೊಸಾ ಟೈರಿನ ಮೈಮ್ಯಾಲಿನ ರಬ್ಬರ್ ಕೂದಲು ಇನ್ನೂ ಉದುರಿರಲಿಲ್ಲ.
ಹಿಂದ ತಿರುಗಿ ನೋಡಿದರ
ಸೋರಿದ ಬರ್ಫದ ನೀರಾಗ ಇಳಿಜಾರಿನುದ್ದಕ್ಕೂ ಎರಡು ಅಚ್ಚು,
ನಟ್ಟಗ. ಫೆರಿ ಹುಡುಗ ಅದನ್ನ ತುಳಿದು
ಟಿಕೀಟಿನ ಚಿಲ್ಲರ ಕೊಡಾಕ ಬಂದ.