ಗಾಳಿಚೀಲ

ಸಾಂಬ್ರಾದಿಂದ ಏಳುವಾಗ ಒಂಬತ್ತೂ ಇಪ್ಪತ್ತು.
ಎರಡಾಳಿನ ವಿಮಾನ, ಬಾಗಿಲು ಮುಚ್ಚಿದರೆ
ಹಳೆ ಕಪಾಟಿನ ಸದ್ದು.
ವಾರವಿಡೀ ಪರರ ಬಾಯೊಳಗೆ ಬಗ್ಗಿರುವವನು ನಾನು,
ತಿಲಕವಾಡಿಯ ಹಲ್ಲಿನ ಡಾಕ್ಟರ.
ರವಿವಾರ ಒಂದು ದಿನ ಬೆನ್ನು ನೆಟ್ಟಗೆ.

ಎಲ್ಲಿಗೆ, ಅಂದರು ಟವರಿನವರು.
ಊಟಕ್ಕೆ ಅನ್ನಲಾಗದು,
ಅಕ್ಷಾಂಶ ರೇಖಾಂಶ ಹೇಳಿದೆ.
ಪಕ್ಕದಲ್ಲಿ ಸನದಿ ಮಾಸ್ತರು,
ಹಾರಲು ಕಲಿಸಿದವರು, ಈಗ ಬರೀ ಹಸಿದವರು,
ತೊಡೆಯ ಮೇಲೆ ಕುಂದಾದ ಡಬ್ಬಿ.
'ಇದನ್ನೂ ತೂಕದಾಗ ಬರೀಪಾ.'
ಬರೆದೆ: ನಾನು ಎಪ್ಪತ್ತೆಂಟು, ಮಾಸ್ತರು ತೊಂಬತ್ತೊಂದು,
ಕುಂದಾ ಒಂದು.

ಗೋಕಾಕದಲ್ಲಿ ಜಲಪಾತ ಒಂದು ಬಿಳಿ ಹೊಲಿಗೆ.
ಘಟಪ್ರಭೆಯ ಕೈ ಹಿಡಿದು ಮೂಡಕ್ಕೆ.
ಕಬ್ಬು, ಕಬ್ಬು, ನಡುವೆ ಕಾರ್ಖಾನೆ,
ಅದರ ಹೊಗೆ ಪಡುವಣಕ್ಕೆ ತಲೆಯಿಟ್ಟು ಮಲಗಿದೆ.
ಮೂರು ಸಾವಿರ ಅಡಿಗೂ ಏರಿ ಬರುತ್ತದೆ ಸಿಹಿ ವಾಸನೆ.
ಅಥವಾ ಅದು ಕುಂದಾ.

ಬೀಳಗಿಯ ಗುಡ್ಡ ದಾಟಿದರೆ ಹಿನ್ನೀರು,
ಭೂಪಟದ ಮೇಲೆ ಯಾರೋ ಚಹಾ ಚೆಲ್ಲಿ
ಒರೆಸದೆ ಎದ್ದು ಹೋದ ಹಾಗೆ.
ಅದರೊಳಗೊಂದು ತುಂಡು ನೆಲ:
ಆರುನೂರು ಮೀಟರು ಮುರಮ್, ನಾಲ್ಕು ಜಾಲಿ.
ಎಂದೋ ಒಬ್ಬ ಸಾವುಕಾರ ಹಾಕಿಸಿ ಮರೆತದ್ದು.

ತಗ್ಗಿನಲ್ಲಿ ಒಂದು ಸುತ್ತು. ಗಾಳಿಚೀಲ ಹುಡುಕಿದೆ.
ಹೋದ ಸಲ ಕಿತ್ತಳೆ ಬಣ್ಣದ ಚಿಂದಿ.
ಈ ಸಲ ಕಂಬದ ತುದಿಗೆ ಕೆಂಪು,
ಕೆಂಪಿನೊಳಗೆ ಬಿಳಿ ಹಲ್ಲುಗಳ ಸಾಲು.
ನನಗೆ ಎಲ್ಲವೂ ಹಲ್ಲೇ.
'ಸೆರಗೋ ತಮ್ಮಾ,' ಮಾಸ್ತರು ನಕ್ಕರು,
'ಇಳಕಲ್ಲಿಂದು. ತೋಪು ತೆನಿ ಕಾಣವಲ್ದೇನ?'
ಸೆರಗು ನಮ್ಮ ಕಡೆಗೇ ಚಾಚಿತ್ತು.
ಅದಕ್ಕೆ ಎದುರಾಗಿ ಇಳಿದೆ.
ಒಂದು ಕುಪ್ಪಳಿಕೆ, ಇನ್ನೊಂದು, ಮತ್ತೊಂದು
(ಎರಡೇ ಎಂದು ನಮ್ಮಲ್ಲಿ ಒಪ್ಪಂದ).
ನಿಂತಾಗ ಮೂಗಿನ ಮುಂದೆ ಹತ್ತು ಮಾರು ನೆಲ,
ಆಮೇಲೆ ಕೃಷ್ಣೆ.

ತಿಪ್ಪವ್ವ ಅಂಬಿಗೇರ ರೊಟ್ಟಿ ಬಡಿಯುವುದು ನಿಲ್ಲಿಸಲಿಲ್ಲ.
ಹೊರಳಿ ನೋಡಿದ್ದು ಕೋಳಿ ಮಾತ್ರ.
ಹೊಳಿ ಮೀನಿನ ಸಾರು, ಶೇಂಗಾ ಹಿಂಡಿ,
ಗುದ್ದಿ ಒಡೆದ ಉಳ್ಳಾಗಡ್ಡಿ.
'ಉಣ್ಣಾಕಂತ ಇಷ್ಟ ದೂರ! ಎಷ್ಟ ಖರ್ಚ ಆತ್ರಿ?'
ಹೇಳಿದೆ. ಹೇಳಬಾರದಿತ್ತು.
ಆಕೆ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು.
'ಹಂಗಾರ ಹೊಟ್ಟಿ ತುಂಬ ಉಣ್ರಿ.'

ಸೆರಗಿನ ಮಾತು ತೆಗೆದೆ.
'ನಿಮ್ಮ ಚೀಲ ಹರದಿತ್ತಲ್ಲ. ಇದು ನನ್ನ ಮದವಿ ಸೀರಿ.
ಒಡಲು ಸವದು ಹೋತು, ಸೆರಗಿಗೆ ಏನಾಗಿದ್ದಿಲ್ಲ.
ಕೊಂಡಿ ಬಿಡಿಸಿ, ಬಲಿ ಹೊಲಿಯೂ ಸೂಜಿಲೆ ಹೊಲದೆ.'
ತುಸು ತಡೆದು,
'ಮ್ಯಾಲಿಂದ ನಮ್ಮನಿ ಹ್ಯಾಂಗ ಕಾಣ್ತದ್ರಿ?'

ಗಾಳಿ ನೋಡಿದ್ದೆ, ವೇಗ ನೋಡಿದ್ದೆ,
ನೆಲ ಎಲ್ಲಿ ಮುಗಿಯುತ್ತದೆಂದು ನೋಡಿದ್ದೆ.
ಮಾಸ್ತರು ಮುಳ್ಳು ಬಿಡಿಸುತ್ತಿದ್ದರು, ನೆರವಿಗೆ ಬರಲಿಲ್ಲ.
'ಛಲೋ ಕಾಣ್ತದ' ಎಂದೆ,
ಹುಳುಕು ಕಂಡೂ 'ಏನಿಲ್ರಿ' ಎನ್ನುವ ಅದೇ ದನಿಯಲ್ಲಿ.
ಆಕೆ 'ಹೂಂ' ಅಂದು
ಕುಂದಾದ ಡಬ್ಬಿ ಒಳಗಿಟ್ಟು ಬಂದಳು.

ಎರಡಕ್ಕೆ ಎದ್ದೆವು. ಲೆಕ್ಕದಲ್ಲಿ ಕುಂದಾ ಕಳೆದೆ,
ರೊಟ್ಟಿ ಕೂಡಿಸಲು ಮಾಸ್ತರು ಬಿಡಲಿಲ್ಲ.
ಐನೂರಡಿಗೆ ಎಡಕ್ಕೆ ವಾಲಿಸಿದೆ,
ಬೇಕಿಲ್ಲದ ಒಂದು ಸುತ್ತು.

ತಗಡು.
ಅದರ ಮೇಲೆ ಒಣಹಾಕಿದ ಮೀನು, ಆರು ಸಾಲು.
ತೂತಿನ ಮೇಲೆ ಬೋರಲಿಟ್ಟ ಹಸಿರು ಬಕೀಟು.
ಹಿತ್ತಲ ಹಗ್ಗಕ್ಕೆ, ಸೆರಗಿಲ್ಲದ ಒಡಲು,
ಕಂಬದ ತುದಿಯ ಸೆರಗು ತೋರಿದ ದಿಕ್ಕಿಗೇ
ಹಾರುತ್ತಿತ್ತು.
ಆಕೆ ತಲೆಯೆತ್ತಲಿಲ್ಲ. ಪಾತ್ರೆ ತಿಕ್ಕುತ್ತಿದ್ದಳು.

ರಾತ್ರಿ ಲಾಗ್ ಪುಸ್ತಕ ತೆರೆದೆ.
ಹೋಗಿ ಬಂದ ಹೊತ್ತು ಎರಡು ಗಂಟೆ ಹತ್ತು ಮಿನಿಟು.
ಇಳಿದದ್ದು ಎರಡು ಸಲ.
ಷರಾ ಎಂಬಲ್ಲಿ ಇಷ್ಟಗಲ ಜಾಗ:
ಮೀನು ಆರು ಸಾಲು, ಬಕೀಟು ಹಸಿರು, ಹೋದಾಗ ಹೇಳುವುದು.
ಡಾಂಬರು ಒಯ್ಯುವುದು, ಎರಡು ಕಿಲೋ.
ತೂಕಕ್ಕೆ ಹಿಡಿಯುವುದು.