ಆವಕ-ಜಾವಕ

ಅಥಣಿ ಉಪವಿಭಾಗದ ಆವಕ ರಜಿಸ್ಟರಿನಾಗ
ನಂಬರ್ ಒಂಬೈನೂರಾ ಹನ್ನೆರಡು:
‘ಎಲ್ಲಾ ಕಚೇರಿಗಳೂ ಹಸಿರಾಗತಕ್ಕದ್ದು.
ಫೋಟೋ ಸಮೇತ ವರದಿ, ಮೂರು ಪ್ರತಿ, ಸಂಜೆಯೊಳಗೆ.’
ಸಾಹೇಬ್ರು ಫ್ಲೆಕ್ಸ್ ಮಾಡಿಸಿದ್ರು, ಅದರ ತುಂಬ ಎಲಿ.
ಫೋಟೋ ಆತು. ಫ್ಲೆಕ್ಸ್ ಈಗ ಸೈಕಲ್ ಶೆಡ್ಡಿನ ಮ್ಯಾಲ,
ಸೋರೂದು ನಿಂತೈತಿ.

ಮೌಲಾಸಾಬ ತಾಂಬೋಳಿಗೆ ಸುತ್ತೋಲಿ ಓದಾಕ ಬರೂದಿಲ್ಲ.
ನಮಾಜಿಗೆ ಅರ್ಧ ತಂಬಿಗಿ ನೀರಾಗ
ಮುಖ, ಮೊಣಕೈ, ಹಿಮ್ಮಡ ಮುಗಸ್ತಾನ.
ಪರಾತದಾಗ ಹಿಡಿದ ಆ ನೀರು
ರೆಕಾರ್ಡ್ ರೂಮಿನ ಹಿಂದಿನ ನುಗ್ಗಿ ಗಿಡಕ್ಕ.
‘ಹೊಳಿ ದಂಡ್ಯಾಗ ಕುಂತ್ರೂ ಇಷ್ಟೇ ಬಳಸಬೇಕ್ರೀ ಅಕ್ಕಾರ.’

ಚಂಪಾಬಾಯಿ ಉಪಾಧ್ಯೆ, ಸುಪರಿಂಟೆಂಡೆಂಟ್,
ಫಿಲ್ಟರ್ ಇದ್ರೂ ನಳಕ್ಕ ಎರಡು ಪದರ ಅರಿವಿ ಕಟ್ಟಾಕಿ.
ಒಂದು ಮಗ್ಗಲ ಬರೆದ ಹಾಳಿ ಒಗಿಯಾಕ ಬಿಡೂದಿಲ್ಲ,
‘ಇದೂ ಗಿಡಾನ ಇತ್ತಲ್ಲವ್ವಾ.’
ಚಾತುರ್ಮಾಸದಾಗ ಆಕಿ ಡಬ್ಬಿಯೊಳಗ
ತಪ್ಪಲ ಪಲ್ಲೆ ಸುದ್ದಾ ಇರೂದಿಲ್ಲ.
ಅಂಥಾಕಿ ಟೇಬಲ್ಲಿಗೆ ಬಂತು ಫೈಲು:
ತೆಲಸಂಗ ರಸ್ತೆ ಅಗಲೀಕರಣ. ಬೇವು, ಹುಣಸೆ, ನಲವತ್ತೊಂದು.
ಕಡಿಯಲು ಅಡ್ಡಿಯಿಲ್ಲ ಎಂದು ಟಿಪ್ಪಣಿ ಮಂಡಿಸುವುದು.

ಆಕಿ ಇಲ್ಲ ಅನ್ನಲಿಲ್ಲ.
ಪಗಾರ ಆಕೀಗೂ ಐತಿ, ನನಗೂ ಐತಿ.
ಛತ್ರಿ ಹಿಡಕೊಂಡು ಹೋದ್ಲು, ಹೆಜ್ಜಿ ಮುಂದಿನ ನೆಲ ನೋಡ್ಕೋತ,
ಗಿಡಕ್ಕೊಂದು ನಂಬರ್ ಬರಕೊಂಡ್ಲು.
ಷರಾ ಕಾಲಮ್ಮಿನಾಗ ಸಣ್ಣ ಅಕ್ಷರ:
‘ಹದಿನೇಳು: ಬೆಳವನ ಗೂಡು, ತತ್ತಿ ಎರಡು.
ಇಪ್ಪತ್ತಮೂರು: ಅಳಿಲು.
ಮೂವತ್ತು: ಇರುವೆ. ಎಣಿಸಲಾಗಿಲ್ಲ.’

ಇಪ್ಪತ್ತು ದಿನಕ್ಕ ಬೆಳಗಾವಿಯಿಂದ ಫೈಲು ತಿರುಗಿ ಬಂತು,
‘ಇರುವೆಯ ಬಗ್ಗೆ ಸ್ಪಷ್ಟೀಕರಣ ನೀಡುವುದು.’
ನಾವೆಲ್ಲಾ ನಕ್ಕದ್ದು ಖರೆ.
ಆಕಿ ನಗಲಿಲ್ಲ. ಎರಡು ಪುಟ ಬರೆದು ಕೊಟ್ಲು.

ಇನ್ನ ನಂದೊಂದು ಮಾತು.
ಮುಂಜಾನೆ ಲಿಂಗಪೂಜಿ ಮುಗಿಸಿ ವಿಭೂತಿ ಹಚ್ಚಿ ಬರಾಕಿ ನಾನು,
ಕಾಯಕ ಅಂದ್ರ ಫೈಲು ತಡ ಮಾಡಬಾರದು ಅಂತ ತಿಳಿದಾಕಿ.
ಆ ಎರಡು ಪುಟ ಒಂಬತ್ತು ದಿನ ಜಾವಕಕ್ಕ ಹಚ್ಚಲಿಲ್ಲ,
ಶಾಯಿ ಡಬ್ಬಿ ಕೆಳಗ ಇಟ್ಟೆ.
ಯಾರ ಚಾನೂ ಕುಡಿದಿರಲಿಲ್ಲ.
ಯಾರೂ ಹೇಳಿರಲಿಲ್ಲ.

ಹತ್ತನೇ ದಿನ ಮೌಲಾಸಾಬ ಸೈಕಲ್ ನಿಲ್ಲಿಸಿ,
ಕಾಲೊರಸಿ ಒಳಗ ಬಂದು
‘ಹದಿನೇಳು ಖಾಲಿ ಆತ್ರೀ’ ಅಂದ.

ಠಪ್ ಅಂತ ಶಿಕ್ಕಾ ಒತ್ತಿದೆ.
ಜಾವಕ, ಸಾವಿರದ ನಾಲ್ಕು.
ಗಿಡದ ಪಾಲಿಗೆ ಏನಾಕ್ಕೈತೋ ಗೊತ್ತಿಲ್ಲ.
ಎರಡು ಹೊರಗ ಹೋಗ್ಯಾವ,
ರಜಿಸ್ಟರಿನಾಗ ದಾಖಲಿಲ್ಲ.